ಗಾಲಿ ತೊಳದ ಮ್ಯಾಲೆ ಒಳಗ ಬರ್ರಿ

ಕೈಯಾಗ ಒಂದು ಕಸಬರಿಗಿ ಹಿಡಕಂಡು ದಾರಿಗೆ ಅಡ್ಡ ನಿಂತು ನೋಡ್ರಿ, ನಗೋ ಸಂಗತಿ ತಾನೇ ನಡಕಂತ ನಿಮ್ಮ ಹತ್ರ ಬರ್ತೈತಿ. ನಾನು ಹಂಗ ಹನ್ನೆರಡು ವರ್ಷ ನಿಂತೀನಿ. ಬಂದವ್ರೊಳಗ ಬೈದವ್ರು ಅದಾರ, ನಕ್ಕವ್ರು ಅದಾರ, ಕೈ ಮುಗದು ವಾಪಸ್ ಹೋದವ್ರೂ ಅದಾರ. ಬಟ್ಟಿ ಝಾಡಿಸದ ಒಳಗ ಹೋದವ್ರು ಮಾತ್ರ ಒಬ್ರೂ ಇಲ್ಲ.

ನನಗ ಅಕ್ಷರ ಬರಲ್ಲ. ನಾನು ಹೇಳ್ತೀನಿ, ಸೊಸಿ ಬರಕಂತಾಳ. ನಡುವ ಆಕಿಗೆ ನಗು ಬಂದು ಒಂದೆರಡು ಮಾತು ತಪ್ಪಿದ್ರ ಹೊಟ್ಟಿಗೆ ಹಾಕ್ಕಳ್ರಿ.

ನಮ್ಮೂರು ಹೊಸಹಳ್ಳಿ ಕಡಿ. ಊರ ಹಿಂದ ಕೆರಿ, ಕೆರಿ ಏರಿ ಇಳದ್ರ ಹುಣಸಿ ತೋಪು, ತೋಪು ದಾಟಿದ್ರ ಕುರಿ ಮೇಯೋ ಬಯಲು. ನಮ್ಮ ಮನಿ ಕುರಿ, ಊರವ್ರ ಕುರಿ ಎಲ್ಲಾ ಆ ಬಯಲಿನ ಮ್ಯಾಲೆ ಬದುಕ್ಯಾವ. ರಜಾ ಬಂತಂದ್ರ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮಂದಿ ಬುತ್ತಿ ಕಟ್ಟಿಕಂಡು ತೋಪಿಗೆ ಬರ್ತಿದ್ರು. ಬರ್ಲಿ. ನೆರಳೇನು ನಮ್ಮಪ್ಪ ನೆಟ್ಟದ್ದಲ್ಲ. ಆದ್ರ ಅವ್ರ ಕೂಡ ಕರೀದ ಒಂದು ನೆಂಟಸ್ತಿಕಿ ಬರ್ತಿತ್ತು, ಪಾರ್ತೇನಿ ಕಸ. ನಮ್ಮ ಕಡಿ ಅದಕ್ಕ ಇನ್ನೊಂದು ಹೆಸರೂ ಐತಿ. ಅದನ್ನ ಹೇಳಿದ್ರ ಕೂಡಲೇ ಎಲೆಕ್ಷನ್ ಮಾತು ಶುರುವಾಗ್ತೈತಿ, ಬ್ಯಾಡ ಬಿಡ್ರಿ.

ಪಕ್ಕದೂರಿನ ಬಯಲು ಮೂರು ಮಳಿಗಾಲದಾಗ ಪೂರಾ ಬೆಳ್ಳಗಾತು. ದೂರಿಂದ ನೋಡಿದ್ರ ಜೋಳದ ಅಳ್ಳು ಚೆಲ್ಲಿದಂಗ ಚಂದ. ಹತ್ರ ಹೋದ್ರ ಒಂದು ಹುಲ್ಲಿನ ಎಸಳಿಲ್ಲ. ಕುರಿ ಮೂಸಿ ಮಕ ತಿರುವ್ತಾವ. ಹಸಿವಿ ತಾಳದ ತಿಂದ್ರ ಹಾಲು ಕಹಿ, ಮಾಂಸ ಕಹಿ. ಕೀಳಾಕ ಹೋದವ್ರಿಗೆ ಮೈತುಂಬ ತುರಿಕಿ, ಉಬ್ಬಸ. ಆ ಊರಿನ ಕುರಿಗಳು ಕಂಡೋರ ಹೊಲದ ಬದುವಿಗೆ ಬಾಯಿ ಹಾಕಿ ದಿನಾ ಜಗಳ ತರಾಕ ಹತ್ತಿದ್ವು. ನಮ್ಮ ಬಯಲಿಗೂ ಹಿಂಗ ಆದ್ರ ಕುರಿ ಹೊಡಕಂಡು ಎಲ್ಲಿಗೆ ಹೋಗಾದು? ಆ ಕಸದ ಬೀಜ ಎಳ್ಳಿಗಿಂತ ಸಣ್ಣದು. ಗಾಲಿ ಕೆಸರಿನ್ಯಾಗ, ಚಪ್ಲಿ ಸಂದ್ಯಾಗ, ಸೀರಿ ಅಂಚಿನ್ಯಾಗ ಕುಂತು ಟಿಕೀಟು ಇಲ್ದ ಬರ್ತೈತಿ.

ಏರಿ ಇಳಿಯೋ ಇಕ್ಕಟ್ಟಿನ ದಾರಿಯಾಗ ದನ ನೀರು ಕುಡಿಯೋ ಹಳೇ ಕಲ್ಲಿನ ಬಾನಿ ಇತ್ತು. ಅದನ್ನ ತುಂಬಿಸಿಟ್ಟೆ. ಯಾರ ಬರ್ಲಿ, ಅಲ್ಲಿ ಬಟ್ಟಿ ಝಾಡಿಸಬೇಕು, ಕಾಲು ಚಪ್ಲಿ ತೊಳೀಬೇಕು, ಗಾಡಿ ಇದ್ರ ಗಾಲಿ ತೊಳೀಬೇಕು. ಆ ನೀರು ಹರದು ಒಂದೇ ಗುಂಡಿಗೆ ಬೀಳ್ತೈತಿ. ಗುಂಡಿಯಾಗ ಏನು ಹುಟ್ಟಿದ್ರೂ ಹೂವು ಬಿಡೋ ಮೊದ್ಲು ನಾನು ಕಿತ್ತು ಸುಡ್ತೀನಿ.

"ಮುದುಕಿಗೆ ತಲಿ ಕೆಟ್ಟೈತಿ" ಅಂದ್ರು ಊರಾಗ.

"ನನ್ನ ತಲಿ ಹೆಂಗಾರ ಇರ್ಲಿ, ನಿನ್ನ ಚಪ್ಲಿ ತೊಳಿ" ಅಂದೆ ನಾನು.

ಐದನೇ ಗಾಲಿ

ಮೊದಲನೇ ವರ್ಷದ ಮಾತು. ಒಂದಿನ ಮುಂಜಾನಿ ಅಡಿಗಿ ಮಾಡೋರು ಇಬ್ರು ಪಾತ್ರಿ ಹೊತಗಂಡು ಬಂದ್ರು. ನಾನು ಹೇಳಿದ ಕೂಡಲೇ ಕಾಲು ತೊಳಕಂಡು, ಟವೆಲ್ ಝಾಡಿಸಿ ತೋಪಿಗೆ ಹೋಗಿ ಒಲಿ ಹೂಡಿದ್ರು. ಮಧ್ಯಾಹ್ನಕ್ಕ ಒಂದು ಜೀಪು ಬಂತು. ಒಳಗ ನಾಕು ಮಂದಿ ಸಾಹೇಬ್ರು. ಎಲ್ಲಿಯವ್ರು, ಯಾವ ಆಫೀಸು ಅಂತ ನಾನು ಕೇಳಲಿಲ್ಲ. ಡ್ರೈವರ್ ಹಾರ್ನ್ ಹೊಡದ. ನಾನು ಬಾನಿ ತೋರಿಸಿದೆ.

"ಏ ಅಜ್ಜಿ, ಇದು ಗೌರ್ಮೆಂಟ್ ಗಾಡಿ. ಹಂಗೆಲ್ಲ ತೊಳ್ಯಾಕ ಬರಲ್ಲ, ಮ್ಯಾಲಿಂದ ಆರ್ಡರ್ ಬೇಕು."

"ಬರ್ಲಿ ಬಿಡಪ್ಪ ಆರ್ಡರು. ಕುಂತಿರ್ತೀನಿ" ಅಂತ ದಾರಿ ನಡುವೇ ಕುಂತು ಎಲಿ ಅಡಿಕಿ ಚೀಲ ಬಿಚ್ಚಿದೆ.

ದಪ್ಪನ ಸಾಹೇಬ್ರು ಒಬ್ರು ಕೆಳಗ ಇಳದು ಬಂದ್ರು. "ಅಜ್ಜಿ, ನಾವು ಯಾರು ಗೊತ್ತೇನು?"

"ಗೊತ್ತಿಲ್ರಿ. ಕಸಕ್ಕೂ ಗೊತ್ತಿಲ್ಲ. ಅದು ನಿಮ್ಮ ಗಾಲಿಗೂ ಹತ್ತತೈತಿ, ನನ್ನ ಸೀರಿಗೂ ಹತ್ತತೈತಿ."

ಅಷ್ಟೊತ್ತಿಗೆ ತೋಪಿನ ಕಡಿಂದ ಗಾಳಿ ಬೀಸ್ತು ನೋಡ್ರಿ, ಕುದಿಯೋ ಸಾರಿನ ವಾಸನಿ, ಅದ್ರಾಗ ಮಸಾಲಿ ಈಗಷ್ಟೇ ಹಾಕ್ಯಾರ. ಸಾಹೇಬ್ರ ಹೊಟ್ಟಿ ಗುಡುಗಿದ್ದು ನನಗೂ ಕೇಳ್ತು. ಒಳಗಿಂದ ಅಡಿಗಿಯವ ಕೂಗಿದ, "ಸಾಹೇಬ್ರ, ಆರಿ ಹೊಕ್ಕೈತಿ, ಲಗೂನ ಬರ್ರಿ!"

ನಾನು ಕುಂತಲ್ಲಿಂದನ ಕೂಗಿದೆ, "ಅವ್ರಿಗೆ ಆರ್ಡರ್ ಬರಬೇಕಂತಪ್ಪ! ಆರಂಗಿದ್ರ ನೀವೇ ಉಂಡುಬಿಡ್ರಿ!"

ಬಕೀಟು ಮೊದ್ಲು ಹಿಡದವ್ರು ಆ ದಪ್ಪನ ಸಾಹೇಬ್ರೇ. ನಾಕು ಗಾಲಿ ತೊಳದ್ರು. ಜೀಪು ಏರಾಕ ಹೋದ್ರು. "ನಿಲ್ರಿ, ಹಿಂದ ಇನ್ನೊಂದು ನೇತಾಡತೈತಲ್ಲ" ಅಂದೆ.

"ಅಜ್ಜಿ, ಅದು ಸ್ಟೆಪ್ನಿ! ನೆಲಕ್ಕ ಇಳದಿಲ್ಲ!"

"ಇಳೀದ ಇದ್ರ ಅದಕ್ಕ ಇಷ್ಟು ಕೆಸರು ಯಾವೂರಿಂದು?"

ಐದನೇದೂ ತೊಳದ್ರು. ಆಮ್ಯಾಲೆ ಸಾಹೇಬ್ರು ಡ್ರೈವರನ ಕಡಿ ತಿರುಗಿ ಮೆಲ್ಲಕ ಅಂದ್ರು, "ಸ್ಟೇರಿಂಗೂ ಒಂದೀಟು ಒರಸಿಬಿಡಪ್ಪ, ಅಜ್ಜಿ ಕೇಳೋ ಮೊದ್ಲು."

ಪೈಜಾಮದ ಮಡಿಕಿ

ಕೂಡ್ಲಿಗಿಯಾಗ ಲಾರಿ ರಿಪೇರಿ ಮಾಡೋ ಸಾಬರೊಬ್ರು ರಂಜಾನ್ ಹಬ್ಬದ ಮರುದಿನ ಟೆಂಪೋದಾಗ ಮನಿಮಂದಿನೆಲ್ಲ ಕರಕಂಡು ಬಂದ್ರು. ಮುಂದಿನ ಸೀಟಿನ್ಯಾಗ ಅವ್ರ ತಾಯಿ. ನನ್ನ ಓರಗಿನೇ. ಬಟ್ಟಿ ಝಾಡಿಸ್ರಿ ಅಂದಿದ್ದಕ್ಕ ಆಕಿಗೆ ಸಿಟ್ಟು ನೆತ್ತಿಗೇರ್ತು.

"ಅರೆ! ಹಲ್ಲಿಲ್ಲದ ಮುದುಕಿಗೆ ಬಟ್ಟಿ ಝಾಡಿಸು ಅಂತೀಯಲ್ಲ, ಕಳ್ಳಿ ಅಂತ ತಿಳದೀಯೇನು?"

"ನನಗೂ ಹಲ್ಲಿಲ್ಲವಾ. ನಾನೂ ದಿನಾ ಝಾಡಿಸ್ತೀನಿ."

ಕಸದ ಕತಿ ಹೇಳಿದೆ. ಕುರಿ ಮಕ ತಿರುವೋದು ಹೇಳಿದೆ, ಹಾಲು ಕಹಿ ಆಗೋದು ಹೇಳಿದೆ. ಆಕಿ "ಹೂಂ, ಹೂಂ" ಅಂತ ಬ್ಯಾರೆ ಕಡಿ ನೋಡಿಕಂತ ಕುಂತಿದ್ಲು. ಮಾಂಸಾನೂ ಕಹಿ ಆಗ್ತೈತಿ ಅಂದೆ.

ಆಕಿ ಗಕ್ಕನ ತಿರುಗಿದ್ಲು. "ಮಾಂಸ? ಬಿರಿಯಾನಿಗೆ ಹಾಕಿದ್ರೂ?"

"ಬಿರಿಯಾನಿಗೆ ಹಾಕಿದ್ರ ಬಿರಿಯಾನಿನೂ ಕಹಿ."

ಟೆಂಪೋದಿಂದ ಹೆಂಗ ಇಳದ್ಲೋ ಗೊತ್ತಾಗಲಿಲ್ಲ, ನನ್ನ ಕೈಯಾಗಿನ ಕಸಬರಿಗಿ ಆಕಿ ಕೈಯಾಗಿತ್ತು. "ಎಲ್ಲಾರೂ ಲೈನಿಗೆ ನಿಲ್ರಿ!" ಹೆಣಮಕ್ಕಳಿಗೆ ಬಾನಿ ಪಕ್ಕದ ಎರಡು ಗಿಡದ ನಡುವ ಸೀರಿ ಕಟ್ಟಿಸಿ ಮರಿ ಮಾಡಿದ್ಲು. ಗಂಡಸ್ರನ್ನ ಬಾನಿ ಮುಂದ ನಿಲ್ಲಿಸಿದ್ಲು. ಆಕಿ ಮಗ, ಅದೇ ಮೆಕ್ಯಾನಿಕ್ ಸಾಬ್ರು, ಮೆಲ್ಲಕ ಒಳಗ ಜಾರಾಕ ನೋಡಿದ್ರು.

"ಅಮ್ಮೀ, ನಾನು ಆಗಲೇ ಝಾಡಿಸೀನಿ."

"ಹಿಂದ ತಿರುಗು." ಪೈಜಾಮದ ಕೆಳಗಿನ ಮಡಿಕಿ ಬಿಚ್ಚಿದ್ಲು. ಒಂದು ಹಿಡಿ ಮಣ್ಣು, ಅದ್ರ ಕೂಡ ಬೀಜ, ಕಡ್ಡಿ, ಒಂದು ಸಣ್ಣ ನಟ್ಟು. "ಲಾರಿ ಇಂಜಿನ್ ಬಿಚ್ಚಿ ಕೂಡಿಸ್ತೀಯ, ನಿನ್ನ ಪೈಜಾಮಾ ಬಿಚ್ಚಿ ನೋಡಾಕ ಬರಲ್ಲೇನೋ?"

ಆ ಪೈಜಾಮಾ ಬಾನಿ ಹತ್ರನೇ ಉಳೀತು. ಅವ್ರಿಗೆ ನಮ್ಮ ಮನಿಯವ್ರ ಹಳೇ ಪಂಜಿ ಕೊಟ್ಟೆ. ಪಾಪ, ಜನ್ಮದಾಗ ಪಂಜಿ ಉಟ್ಟವ್ರಲ್ಲ. ದಿನ ಪೂರ್ತಿ ಒಂದು ಕೈಯಾಗ ಪಂಜಿ ಹಿಡಕಂಡು, ಇನ್ನೊಂದು ಕೈಯಾಗ ಉಂಡು, ಹುಡುಗ್ರು ಚೆಂಡಾಟಕ್ಕ ಕರದ್ರ ಕುಂತಲ್ಲೇ ತಲಿ ಅಲ್ಲಾಡಿಸಿದ್ರು. ಸಂಜಿಗೆ ಹೋಗೋ ಮುಂದ ನನ್ನ ಹತ್ರ ಬಂದ್ರು.

"ಅಜ್ಜಿ, ನಿಮ್ಮನ್ನ ಹೆಂಗಾರ ಮಾಡಿ ಒಪ್ಪಿಸಬೌದಿತ್ತು. ಅಮ್ಮೀನ್ನ ಯಾಕ್ರಿ ಕೆಲಸಕ್ಕ ಸೇರಿಸಿಕಂಡ್ರಿ?"

ಆಲ್ಬಮ್ಮಿನ ಬೂದಿ

ಹರಪನಹಳ್ಳಿ ಕಡಿಂದ ಒಬ್ರು ಮಾಸ್ತರು ನಲವತ್ತು ಹುಡುಗ್ರನ್ನ ಕರಕಂಡು ಬಂದ್ರು. ಬಾಳ ಒಳ್ಳೆ ಮನುಷ್ಯ. ಹೇಳೋ ಮೊದ್ಲೇ ಹುಡುಗ್ರ ಕಾಲು ತೊಳಸಿದ್ರು, ತಮ್ಮ ಪ್ಯಾಂಟು ತಾವೇ ಝಾಡಿಸಿದ್ರು. ನನಗ ಎಷ್ಟು ಖುಷಿ ಆತು ಅಂದ್ರ ಎಲ್ಲಾರಿಗೂ ಮಜ್ಜಿಗಿ ಕೊಡಾಕ ಎದ್ದೆ. ಅಷ್ಟರಾಗ ಒಂದು ಹುಡುಗಿ ಚೀಲ ತಗದು ತೋರಿಸಿದ್ಲು.

"ಅಜ್ಜಿ, ನೋಡಿ, ದಾರಿಯಾಗೆ ಎಷ್ಟು ಚೆಂದದ ಹೂವು ಕಿತ್ತೀನಿ."

ಪಾರ್ತೇನಿ! ಬುಡಸಮೇತ! ಇನ್ನೊಬ್ಬನ ಚೀಲ ನೋಡಿದೆ, ಅದ್ರಾಗೂ ಅದೇ. ನಲವತ್ತು ಚೀಲದಾಗೂ ಅದೇ. ಏನಂದ್ರ, ಮಾಸ್ತರು ದಾರಿಯಾಗ ಸಿಕ್ಕ ಗಿಡ ಕಿತ್ತು ಒಣಗಿಸಿ ಆಲ್ಬಮ್ಮಿಗೆ ಹಚ್ಚಿ ತರ್ರಿ ಅಂತ ಹೇಳಿದ್ರಂತ. ದಾರಿಯಾಗ ಅದನ್ನ ಬಿಟ್ಟು ಬ್ಯಾರೆ ಏನೈತಿ?

"ಮಾಸ್ತರ, ಕಾಲು ತೊಳಸಿ ಚೀಲದಾಗ ಹೊತ್ತು ತಂದೀರಲ್ರಿ!"

ಮಾಸ್ತರಿಗೆ ಮಕ ಸಣ್ಣದಾತು. "ಗಮನಕ್ಕೆ ಬರಲಿಲ್ಲ ಅಜ್ಜಿ. ಆದ್ರೆ ಇದಕ್ಕೆ ಹತ್ತು ಮಾರ್ಕ್ಸ್ ಐತೆ. ಕಸ ಕಿತ್ಕೊಂಡ್ರೆ ಮಕ್ಕಳ ಮಾರ್ಕ್ಸ್ ಹೋಗ್ತಾವೆ."

"ಮಾರ್ಕ್ಸ್ ಹೋದ್ರ ಬರೋ ವರ್ಷ ಬರ್ತಾವ. ಬಯಲು ಹೋದ್ರ ಬರಲ್ಲ. ಹಾಕ್ರಿ ಗುಂಡಿಗೆ."

ನಲವತ್ತು ಮಂದಿ ಸಾಲಾಗಿ ಬಂದು ಗುಂಡಿಗೆ ಹಾಕಿದ್ರು. ಬೆಂಕಿ ಹಚ್ಚಿದೆ. ಆ ಹುಡುಗಿ ಅಳಾಕ ಹತ್ತಿದ್ಲು. ಅಳಬ್ಯಾಡವಾ ಅಂತ ಆಕಿ ಕಣ್ಣು ಒರಸಿದೆ. ಬೆಂಕಿ ಆರಿದ ಮ್ಯಾಲೆ ಒಬ್ಬೊಬ್ರಿಗೆ ಒಂದು ಚಿಟಿಗಿ ಬೂದಿ ಕಾಗದದಾಗ ಕಟ್ಟಿಕೊಟ್ಟು, "ಇದನ್ನೇ ಹಚ್ಚಿರವಾ. ಗಿಡ ಏನಾತು ಅಂತ ಕೇಳಿದ್ರ ಹಿಂಗಾತು ಅಂತ ಹೇಳ್ರಿ" ಅಂದೆ. ಮಾಸ್ತರೂ ಒಪ್ಪಿದ್ರು.

ಮುಂದಿನ ವರ್ಷ ಮಾಸ್ತರು ಬಂದು ಹೇಳಿದ್ರು. ಸ್ಕೂಲಿಗೆ ಇನ್‌ಸ್ಪೆಕ್ಟರು ಬಂದಿದ್ರಂತ. ಆಲ್ಬಮ್ ತಗದ್ರ ಎಲ್ಲಾದ್ರಾಗೂ ಬೂದಿ. "ಇದೇನಮ್ಮಾ?" ಅಂತ ಆ ಹುಡುಗಿನ್ನ ಕೇಳ್ಯಾರ.

"ಕೆರೆ ಏರಿ ಮೇಲೆ ಒಬ್ಬ ಅಜ್ಜಿ ಅದಾರೆ ಸಾರ್, ಅವ್ರು ಕೈಯಾರೆ ಕೊಟ್ಟಿದ್ದು" ಅಂದಾಳ ಆಕಿ.

ಇನ್‌ಸ್ಪೆಕ್ಟರು ಚಪ್ಲಿ ಬಿಟ್ಟು, ಆಲ್ಬಮ್ಮಿಂದ ಒಂದು ಚಿಟಿಗಿ ತಗಂಡು ಹಣಿಗೆ ಹಚ್ಚಿಕಂಡು ಹೋದ್ರಂತ.

ಬೀಗತಿ ತಂದ ಹೂವು

ನನ್ನ ಸಣ್ಣ ಮಗಳನ್ನ ಮಾಗಳಕ್ಕ ಕೊಟ್ಟೀವಿ. ತುಂಗಭದ್ರಾ ಹೊಳಿ ದಂಡಿ ಊರು, ನೀರಿನ ಮಂದಿ. ಒಂದು ಸಲ ಬೀಗತಿ ನಮ್ಮ ತೋಪಿನ್ಯಾಗ ಊಟ ಮಾಡಬೇಕು ಅಂತ ಆಸಿಪಟ್ಟು ಬಂದ್ಲು. ಕಾಲು ತೊಳದ್ಲು, ಸೀರಿ ಝಾಡಿಸಿದ್ಲು, ಎಲ್ಲಾ ಸರಿ. ಕೈಯಾಗ ಒಂದು ಕೊಡ.

"ಬರಿಗೈಲಿ ಹೆಂಗ ಬರಾದು ಅಂತ ನಿಮ್ಮ ಕೆರಿಗೆ ಒಂದು ಹೂವಿನ ಗಿಡ ತಂದೀನ್ರಿ. ಹಂಗ ನೀರಾಗ ಬಿಟ್ರಾತು, ತಾನೇ ಬೆಳೀತೈತಿ."

ಇಣುಕಿದ್ರ ಆ ನೇರಳಿ ಹೂವಿನ ನೀರಗಿಡ, ಎಲಿ ಬುಡದಾಗ ಬುಗ್ಗಿಯಂಗ ಉಬ್ಬಿ ತೇಲ್ತೈತಲ್ಲ, ಅದು. ಹಡಗಲಿ ಕಡಿ ಒಂದು ಕೆರಿ ಪೂರಾ ಅದರಿಂದ ಮುಚ್ಚಿದ್ದು ನಾನು ಕಣ್ಣಾರೆ ನೋಡಿದ್ದೆ. ನೆಲ ಅಂತ ತಿಳದು ಒಂದು ಎಮ್ಮಿ ಕಾಲಿಟ್ಟು ಮುಳುಗಿ ಎದ್ದಿತ್ತು. ಬ್ಯಾಡ ಅಂದ್ರ ಬೀಗತಿಗೆ ಮಕ ಮುರದಂಗ, ಮಗಳು ಅಲ್ಲಿ ಬಾಳ್ವಿ ಮಾಡಬೇಕು. ಕೆರಿಗೆ ಬಿಟ್ರ ಕೆರಿ ಹೋಗ್ತೈತಿ.

"ಇಂಥಾ ಚಂದದ್ದನ್ನ ಕೆರಿಗೆ ಯಾಕ ಬಿಡಾದ್ರಿ, ಮನ್ಯಾಗ ಇಟ್ಟುಕಂತೀನಿ" ಅಂದೆ. ಬೀಗತಿ ಹಿಗ್ಗಿ ಹೀರಿಕಾಯಿ ಆದ್ಲು. ತಿಂಗಳಿಗೊಮ್ಮಿ ಬಂದು ನೋಡ್ತೀನಿ ಅಂದ್ಲು.

ಹಿತ್ತಾಳಿ ಕೊಳಗದಾಗ ಇಟ್ಟೆ. ಹದಿನೈದು ದಿನಕ್ಕ ಕೊಳಗ ಸಾಲಲಿಲ್ಲ, ಬಕೀಟಿಗೆ ಹಂಚಿದೆ. ತಿಂಗಳಿಗೆ ಬಕೀಟು ಸಾಲಲಿಲ್ಲ, ಎರಡು ಕೊಡಕ್ಕ ಹಂಚಿದೆ. ಒಂದು ಮುಂಜಾನಿ ನಮ್ಮ ಮನಿಯವ್ರು ಮೈ ತೊಳಕಳ್ಳಾಕ ಹೋಗಿ ಬಚ್ಚಲದಾಗಿಂದ ಕೂಗಿದ್ರು, "ಲೇ, ಸ್ನಾನದ ಹಂಡೇದಾಗೂ ಹೂವು ಬಿಟ್ಟೈತಿ! ನಾನೂ ಇದ್ರಾಗ ಇಳದು ತೇಲಲೇನು?"

ಅವತ್ತೇ ಎಲ್ಲಾ ತಗದು ಮಾಳಿಗಿ ಮ್ಯಾಲೆ ಒಣಗಹಾಕಿದೆ. ಆ ಬಿಸಲಿಗೆ ಕಟಕಲು ರೊಟ್ಟಿಯಂಗ ಆತು.

ಬೀಗತಿ ಬಂದ್ಲು. ದಣದು ಬಂದಾಳಂತ ಮೊದ್ಲು ಬಿಸಿನೀರು ಕಾಸಿ, ಬೆನ್ನು ತಿಕ್ಕಿ, ನಾನೇ ಎರದೆ. "ಆಹಾ, ಎಂಥಾ ನೀರ್ರೀ, ಎಲುವು ಸಡಲಾದ್ವು" ಅಂತ ಕಣ್ಣು ಮುಚ್ಚಿಕಂಡು ಕುಂತಾಕಿ ಕೇಳಿದ್ಲು, "ಹೌದು, ನನ್ನ ಹೂವು ಎಲ್ಲಿ ಬೀಗತೇರ?"

"ಒಲಿಯಾಗ ಅದಾವ್ರಿ. ಈಗ ನಿಮ್ಮ ಬೆನ್ನ ಮ್ಯಾಲೆ ಹರಿಯಾಕ ಹತ್ಯಾವ."

ನನ್ನ ಕಂಬಳಿ

ಮಂದಿದಷ್ಟೇ ಹೇಳಿದ್ರ ಹೆಂಗ? ಒಂದು ನನ್ನದೂ ಐತಿ.

ಕೊಟ್ಟೂರು ಸಂತಿಗೆ ಹೋಗಿ ಸಂಜಿಗೆ ಬಸ್ಸಿಳದು ಬಂದೆ. ಹೆಗಲ ಮ್ಯಾಲೆ ಕಂಬಳಿ. ಬಾನಿ ಹತ್ರ ನನ್ನ ಬದಲು ನಮ್ಮ ಮನಿಯವ್ರು ಕುಂತಿದ್ರು. ಸೀದಾ ಹೊಂಟೆ.

"ನಿಲ್ಲು. ಕಂಬಳಿ ಝಾಡಿಸು."

"ನನಗ ಹೇಳ್ತೀರೇನು? ಈ ಕಾಯ್ದಿ ಮಾಡಿದಾಕಿ ನಾನು!"

"ಅದಕ್ಕ ಹೇಳಾಕ ಹತ್ತೀನಿ."

ನನಗೆಲ್ಲಿತ್ತೋ ಸಿಟ್ಟು! ಮುಂಜಾನಿ ಝಾಡಿಸೀನಿ ಅಂದೆ, ನೆಲಕ್ಕ ತಗಲಿಲ್ಲ ಅಂದೆ, ಬಸ್ಸಿನ ಸೀಟಿನ ಮ್ಯಾಲೆ ಕುಂತು ಬಂದೀನಿ ಅಂದೆ, ಕಾಲು ನೋಯತಾವ ಅಂದೆ, ವಯಸ್ಸಿಗಾರ ಮರ್ಯಾದಿ ಕೊಡ್ರಿ ಅಂದೆ. ಅವ್ರು ಕಸಬರಿಗಿ ಅಡ್ಡ ಹಿಡಕಂಡು ಬೀಡಿ ಹಚ್ಚಿದ್ರು. ಕೊನಿಗೆ ಬೈಕಂತ ಝಾಡಿಸಿದೆ. ಉಣ್ಣಿ ಕಂಬಳಿ ನೋಡ್ರಿ, ಸಂತಿಯಾಗ ಎಲ್ಲೆಲ್ಲಿ ಕುಂತು ಎದ್ದಿದ್ನೋ ಅಲ್ಲಿಂದೆಲ್ಲ ಹಿಡಕಂಡು ಬಂದಿತ್ತು. ಬಾನಿ ಮುಂದಿನ ಹಾಸುಗಲ್ಲು ಬೀಜ ಉದುರಿ ಕಪ್ಪಾತು.

ಅವ್ರು ಬೀಜ ಅಂಗೈಗೆ ಹಾಕ್ಕಂಡು ನೋಡಿದ್ರು. ನಗತಾರ ಅಂದಕಂಡೆ. ನಗಲಿಲ್ಲ.

"ಅಲ್ಲಲೇ, ಇಂಥಾ ಬೈಗುಳ ದಿನಾ ಕೇಳಿಕಂಡು ಹೆಂಗ ನಿಂದಿರ್ತಿ?"

ಸನ್ಮಾನ

ಕೊನಿಗೆ ದೊಡ್ಡ ಕಂಟಕ ಬಂತು. ತೋಪನ್ನ ಪಾರ್ಕು ಮಾಡ್ತಾರಂತ ಸುದ್ದಿ. ಸಿಮೆಂಟ್ ಬೆಂಚು, ಜೋಕಾಲಿ, ಹೂವಿನ ಮಡಿ. ಮಡಿಗೆ ಎಲ್ಲಿಂದಲೋ ಇಪ್ಪತ್ತು ಟ್ರ್ಯಾಕ್ಟರ್ ಮಣ್ಣು ಬರಬೇಕು. ಮೊದಲನೇ ಟ್ರ್ಯಾಕ್ಟರ್ ಬಂದು ಬಾನಿ ಹತ್ರ ನಿಂತಿತು. ಚಪ್ಲಿ ತೊಳಿ ಅನಬೌದು, ಟ್ರ್ಯಾಕ್ಟರ್ ತುಂಬ ಮಣ್ಣು ತೊಳಿ ಅಂತ ಹೆಂಗ ಅನ್ನಾದು? ಎದುರಿಗೆ ಕುಂತುಬಿಟ್ಟೆ. ಪಾರ್ಕಿನ ಸಾಹೇಬ್ರು ಬಂದ್ರು. ವಯಸ್ಸಿನ್ನೂ ಸಣ್ಣದು, ಮಾತು ಮೆತ್ತಗ.

"ಅಜ್ಜಿ, ಊರು ಉದ್ಧಾರ ಆಗಾದು ಬ್ಯಾಡೇನು?"

"ಬೇಕ್ರಿ. ಹದಿನೈದು ದಿನ ತಡೀರಿ. ಅಲ್ಲೀತನಕ ನನಗ ಈ ಮಣ್ಣು ಒಂದು ಬುಟ್ಟಿ ಕೊಡ್ರಿ."

ಬುಟ್ಟಿಗೇನು ಅಂತ ಕೊಟ್ರು. ಹಾಸುಗಲ್ಲಿನ ಮ್ಯಾಲೆ ಇಟ್ಟು ದಿನಾ ನೀರು ಚಿಮುಕಿಸಿದೆ. ಹತ್ತನೇ ದಿನಕ್ಕ ಹಸರಾತು. ಹದಿನೈದನೇ ದಿನಕ್ಕ ಬುಟ್ಟಿ ತುಂಬ ಗಜ್ಜರಿ ಎಲಿಯಂಗ ಸಣ್ಣ ಎಲಿ. ಬ್ಯಾರೆ ಒಂದೂ ಇಲ್ಲ, ಎಲ್ಲಾ ಅದೇ. ಬುಟ್ಟಿ ಬಾಯಿಗೆ ಬಟ್ಟಿ ಕಟ್ಟಿ, ತೊಡಿ ಮ್ಯಾಲೆ ಇಟಗಂಡು ಬಸ್ಸಿನ್ಯಾಗ ಹೋಗಿ ಸಾಹೇಬ್ರ ಟೇಬಲ್ ಮ್ಯಾಲೆ ಬಿಚ್ಚಿದೆ.

"ನಿಮ್ಮ ಪಾರ್ಕು ತಂದೀನ್ರಿ. ಒಂದು ಬುಟ್ಟಿಗೆ ಇಷ್ಟು. ಇಪ್ಪತ್ತು ಟ್ರ್ಯಾಕ್ಟರಿಗೆ ಎಷ್ಟು ಅಂತ ಓದಿದವ್ರು ನೀವೇ ಹೇಳ್ರಿ."

ಸಾಹೇಬ್ರು ಬಾಳೊತ್ತು ಬುಟ್ಟಿ ನೋಡಿದ್ರು. ಮಣ್ಣು ಬರಲಿಲ್ಲ. ಬೆಂಚು ಬಂದ್ವು, ಕಾಲು ತೊಳಕಂಡು ಬಂದ್ವು. ಬಾನಿ ಹತ್ರ ಒಂದು ಬೋರ್ಡು ನಿಂತಿತು: ಇಲ್ಲಿ ತೊಳೆದ ನಂತರವೇ ಪ್ರವೇಶ. ಬಯಲು ಉಳೀತು.

ಅದೇ ಸಾಹೇಬ್ರು ಮುಂದ ನನಗ ಸನ್ಮಾನ ಇಟಗಂಡ್ರು, ಅದೇ ತೋಪಿನ್ಯಾಗ. ಶಾಮಿಯಾನ, ಮೈಕು, ಪೇಪರಿನ ಫೋಟೋದವ್ರು. ಹತ್ತು ಹನ್ನೆರಡು ಮಂದಿ ಗಣ್ಯರು, ಬಿಳಿ ಬಟ್ಟಿ, ಎಲ್ಲಾರೂ ಬೋರ್ಡು ಓದಿ ಶಿಸ್ತಿಲೆ ಕಾಲು ತೊಳದ್ರು. ನಾನು ಅವತ್ತು ಹೊಸ ಇಳಕಲ್ ಸೀರಿ ಉಟ್ಟು ಕುರ್ಚಿ ಮ್ಯಾಲೆ ಕುಂತಿದ್ದೆ, ಬಾಗಿಲಿಗೆ ನಿಂತಿದ್ದಿಲ್ಲ. ಅದೇ ತಪ್ಪಾತು. ಎಲ್ಲಾರ ಕಾಲು ನೋಡಿದ್ರು, ಹಾರದ ಬುಟ್ಟಿ ಯಾರೂ ನೋಡಲಿಲ್ಲ.

ಹಡಗಲಿ ಮಲ್ಲಿಗಿ ಹಾರ ಬರಬೇಕಾಗಿತ್ತಂತ. ಬಸ್ಸು ಕೆಟ್ಟು ನಿಂತಿದ್ದಕ್ಕ ಹಾರ ತರಾಕ ಹೋದವ ಚೆಂಡು ಹೂವು ತಂದು, ನಡುನಡುವ ಬೆಳ್ಳಗ ಇರ್ಲಿ ಅಂತ ರಸ್ತಿ ಬದಿಗೆ ಕೈಗೆ ಸಿಕ್ಕಿದ್ದನ್ನ ಸೇರಿಸಿ ತಾನೇ ಕಟ್ಟಿದ್ದ. ಸಾಹೇಬ್ರು ನನ್ನನ್ನ ಎಬ್ಬಿಸಿ ನಿಲ್ಲಿಸಿ ಹಾರ ಕೊಳ್ಳಿಗೆ ಹಾಕಿದ್ರು. ಚಪ್ಪಾಳಿ. ನನಗ ಮೂಗಿನ್ಯಾಗ ಘಾಟು ಹೊಕ್ತು. ಬಗ್ಗಿ ನೋಡಿದೆ.

ಪಾರ್ತೇನಿ! ಹೂವು ಬಿಟ್ಟಿದ್ದು!

ಗಕ್ಕನ ಕುಂತುಬಿಟ್ಟೆ, ಹಾರ ಅಲುಗಾಡಬಾರ್ದು ಅಂತ. ಆಗಲೇ ಒಂದಷ್ಟು ಉದುರಿದ್ವು. ಮೈಕು ಎಳಕಂಡು ಕೂಗಿದೆ, "ಯಾರೂ ಅಲ್ಲಾಡಬ್ಯಾಡ್ರಿ! ನಿಂತವ್ರು ನಿಂತಲ್ಲೇ ನಿಲ್ರಿ!"

ಕಾಲೆತ್ತಿದವ್ರು ಕಾಲು ಎತ್ತಿದಂಗ ನಿಂತ್ರು. ಬಾಯಿಗೆ ಜಾಮೂನು ಇಟಗಂಡವ್ರೊಬ್ರು ನುಂಗಲಿಲ್ಲ.

"ಸಾಹೇಬ್ರ, ಹನ್ನೆರಡು ವರ್ಷ ಬಾಗಿಲಾಗ ತಡದದ್ದನ್ನ ನೀವು ಸೀದಾ ನನ್ನ ಕೊಳ್ಳಿಗೇ ಹಾಕಿದ್ರಲ್ರಿ!"

ಸಾಹೇಬ್ರಿಗೆ ತಿಳೀತು. ಮಕ ಕೆಂಪಗಾತು. ಪಾಪ, ಮೊದ್ಲು ಮಣಕಾಲು ಊರಿದವ್ರು ಅವ್ರೇ. ಅವ್ರು ಊರಿದ್ದಕ್ಕ ಉಳದವ್ರೂ ಊರಿದ್ರು. ಹಾರ ಚೀಲಕ್ಕ ಸೇರ್ತು. ನಾನು ಎದ್ದು ನಿಂತು ಬೊಟ್ಟು ಮಾಡಿ ತೋರಿಸಿದೆ, "ಅಲ್ಲೊಂದು ಐತಿ, ಇಲ್ಲೊಂದು ಐತಿ, ಸ್ವಾಮಿ ನಿಮ್ಮ ಹೆಬ್ಬೆಟ್ಟಿನ ಹತ್ರ ಐತಿ." ಬಿಳಿ ಬಟ್ಟಿಯವ್ರೆಲ್ಲ ತಲಿ ನೆಲಕ್ಕ ಹಚ್ಚಿ ಒಂದೊಂದೇ ಆರಿಸಿದ್ರು. ಅದೇ ಹೊತ್ತಿಗೆ ಫೋಟೋದವನ ಫ್ಲಾಶ್ ಫಳಕ್ ಅಂತು.

ಮರುದಿನ ಪೇಪರ್ ಬಂತು. ನಾನು ನಡುವ ನಿಂತು ಬೊಟ್ಟು ಮಾಡೀನಿ, ಸುತ್ತಲೂ ಹನ್ನೆರಡು ಮಂದಿ ನೆಲಕ್ಕ ಬಗ್ಗ್ಯಾರ. ಸೊಸಿ ಕೆಳಗಿನ ಸಾಲು ದೊಡ್ಡಕ ಓದಿದ್ಲು: "ಅಜ್ಜಿ ಪಾದಕ್ಕೆರಗಿ ಆಶೀರ್ವಾದ ಪಡೆದ ಗಣ್ಯರು."

ಓಣಿ ಮಂದಿ ಬಿದ್ದು ಬಿದ್ದು ನಕ್ರು. ಸೊಸಿ ಮುಂದಿಂದು ಓದಾಕ ಹತ್ತಿದ್ಲು. ನಮ್ಮ ಮನಿಯವ್ರು ಮಾತ್ರ ನಗದ, ಕನ್ನಡಕ ಏರಿಸಿ ಫೋಟೋನ ಹತ್ರ ಹಿಡಕಂಡು ನೋಡಾಕ ಹತ್ತಿದ್ರು.

"ಲೇ, ಎಲ್ಲಾ ಆರಿಸೀರೇನು? ಸಾಹೇಬ್ರ ಬಲಗಾಲ ಹಿಂದ ಬೆಳ್ಳಗ ಒಂದು ಕಾಣ್ತೈತಲ್ಲ."

"ಮಾವ, ಅದು ಅಚ್ಚಿನ ಚುಕ್ಕಿ ಇರಬೌದು" ಅಂದ್ಲು ಸೊಸಿ.

ನಾನು ಆಗಲೇ ಕಸಬರಿಗಿ ತಗಂಡು ಓಣಿ ದಾಟಿದ್ದೆ. ನನ್ನ ಬಗ್ಗೆ ಪೇಪರಿನ್ಯಾಗ ಮುಂದ ಏನೇನು ಹೊಗಳಿ ಬರದಿದ್ರೋ, ಇವತ್ತಿಗೂ ನಾನು ಕೇಳಿಲ್ಲ. ಹೂವು ಮಾತ್ರ ಸಿಕ್ತು.